ಏಳನೆಯ ವಿ.ಎಸ್.

“ಇದನ್ನ ಬರೆದೋರು ಯಾರು?”

ಷಣ್ಮುಖಪ್ಪನ ದನಿ ಅವನಿಗೇ ಗುರುತು ಸಿಗದಷ್ಟು ಸಣ್ಣದಾಗಿತ್ತು. ಪಿಯಾನೊದ ಮೇಲೆ ತೆರೆದಿಟ್ಟಿದ್ದ ಹಳೆಯ ಸಂಗೀತದ ಪುಸ್ತಕದ ಬಲಪುಟದ ಕೆಳಮೂಲೆಯಲ್ಲಿ ಅವನ ತೋರುಬೆರಳು ನಿಂತುಬಿಟ್ಟಿತ್ತು. ಅಲ್ಲಿ ಎರಡೇ ಎರಡು ಇಂಗ್ಲಿಷ್ ಅಕ್ಷರ. ವಿ. ಎಸ್.

ಮನೆಯೊಡತಿ ಕಸ್ತೂರಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

“ಯಾರೂ ಬರ್ದಿಲ್ಲ. ಅಚ್ಚಿನಾಗೇ ಐತಲ್ರೀ.”

“ಅಚ್ಚಿನಾಗೆ?”

“ಹ್ಞೂಂ. ಇದು ನಾನು ಹುಡುಗಿಯಾಗಿದ್ದಾಗ ಮೈಸೂರಿನಲ್ಲಿ ಕಲಿತ ಪುಸ್ತಕ. ಇಂಥ ಪುಸ್ತಕದಾಗೆಲ್ಲ ಇರ್ತೈತೆ. ವೋಲ್ತಿ ಸುಬಿತೊ ಅಂತ, ಇಟಲಿ ಮಾತು. ಬೇಗ ತಿರುವು ಅಂತ ಅರ್ಥ.”

“ಏನನ್ನ ತಿರುವೋದು?”

“ಹಾಳೆನ. ಇನ್ನೇನು ತಿರುವ್ತಾರೆ?”

ಷಣ್ಮುಖಪ್ಪ ಹಿಂದಕ್ಕೆ ಕೈಚಾಚಿ ಕುರ್ಚಿ ಹುಡುಕಿದ. ಸಿಕ್ಕಲಿಲ್ಲ. ಗೋಡೆಗೆ ಒರಗಿಕೊಂಡ.

ಇದೇ ಎರಡು ಅಕ್ಷರದ ಮೇಲೆ, ಚನ್ನಗಿರಿ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಆಗಿದ್ದಾಗ, ಅವನು ಒಬ್ಬ ಮನುಷ್ಯನನ್ನು ಗಲ್ಲಿನ ತನಕ ನಡೆಸಿಕೊಂಡು ಹೋಗಿದ್ದ.

ಮುದುಕ ಮಹೇಶ್ವರಪ್ಪನವರು ತಮ್ಮ ಪಡಸಾಲೆಯಲ್ಲಿ ತಲೆಯೊಡೆದು ಸತ್ತು ಬಿದ್ದದ್ದು ಎಪ್ಪತ್ತೆರಡರ ಅಕ್ಟೋಬರಿನಲ್ಲಿ. ಪಕ್ಕದಲ್ಲಿ ಪಿಯಾನೊ ಶ್ರುತಿ ಮಾಡುವ ಕಬ್ಬಿಣದ ಕೀಲಿ. ಎದೆಯ ಮೇಲೆ ಇಂಗ್ಲಿಷ್ ಸಂಗೀತದ ಒಂದು ಪುಸ್ತಕ, ಕೊನೆಯ ಪುಟ ತೆರೆದಿತ್ತು, ಆ ಪುಟದಡಿಯಲ್ಲಿ ಮುದುಕರದೇ ಕೈಬರಹ. ವಿ. ಎಸ್. ಸಾಯುವವರು ಕೊಂದವನ ಇನಿಷಿಯಲ್ ಬರೆದಿಟ್ಟಿದ್ದಾರೆ ಎಂದು ಷಣ್ಮುಖಪ್ಪ ಆ ಕ್ಷಣವೇ ತೀರ್ಮಾನಿಸಿದ್ದ. ನಮ್ಮ ಕಡೆ ಗಂಡಸಿನ ಹೆಸರಿನ ಮುಂದೆ ಊರಿನದೊಂದು, ಅಪ್ಪನದೊಂದು ಅಕ್ಷರ ಇರಲೇಬೇಕಲ್ಲ. ಎರಡಕ್ಷರ ಕಂಡರೆ ಹಿಂದೆ ಒಬ್ಬ ಆಸಾಮಿ ಇದ್ದೇ ಇದ್ದಾನೆ ಎಂದು ಪೊಲೀಸರ ಬುದ್ಧಿ ಓಡುತ್ತದೆ.

ಪಿಯಾನೊ ಶ್ರುತಿ ಮಾಡಲು ಜಗಳೂರಿನಿಂದ ಬರುತ್ತಿದ್ದ ಹಾರ್ಮೋನಿಯಂ ರಿಪೇರಿಯ ಬೈಲಪ್ಪ ಸಿಕ್ಕಿಬಿದ್ದ. ವ್ಯಾಸಗೊಂಡನಹಳ್ಳಿ ಸಿದ್ದಪ್ಪನ ಮಗ ಬೈಲಪ್ಪ. ವಿ.ಎಸ್. ಬೈಲಪ್ಪ. ಕೀಲಿ ಅವನದೇ. ಸೆಷನ್ಸ್ ಕೋರ್ಟು ಗಲ್ಲು ವಿಧಿಸಿತು, ಹೈಕೋರ್ಟು ಸರಿ ಎಂದಿತು, ದಯಾಭಿಕ್ಷೆಯ ಅರ್ಜಿ ವಾಪಸು ಬಂತು. ಬರುವ ಬುಧವಾರ ಬೆಳಗಿನ ಜಾವ, ಬೆಳಗಾವಿ ಜೈಲಿನಲ್ಲಿ.

ಇವತ್ತು ಗುರುವಾರ.

“ಯಾಕ್ರೀ, ಮೈಗೆ ಹುಷಾರಿಲ್ವಾ?” ಕಸ್ತೂರಮ್ಮ ಕೇಳಿದರು. “ನೀರು ಕೊಡ್ಲಾ?”

ಅವನು ಬೇಡವೆಂದು ತಲೆಯಾಡಿಸಿದ. ತೆರೆದಿದ್ದ ಬಾಗಿಲಿನಾಚೆ, ಜಗಲಿಯ ಮೇಲೆ, ಒಂದು ಹಳೆಯ ಸೀರೆಯ ಬೆನ್ನು ಕಾಣುತ್ತಿತ್ತು. ಕೆಂಪಕ್ಕ. ಬೈಲಪ್ಪನ ತಾಯಿ. ಎಷ್ಟು ಹೇಳಿದರೂ ಒಳಗೆ ಬಂದಿರಲಿಲ್ಲ.

ನಿನ್ನೆ ಬೆಳಿಗ್ಗೆ ಆಕೆ ಮೂರು ಬಸ್ಸು ಬದಲಿಸಿ ನ್ಯಾಮತಿಗೆ ಬಂದು, ಷಣ್ಮುಖಪ್ಪನ ಮನೆ ಹುಡುಕಿಕೊಂಡು ಬಾಗಿಲಿಗೆ ನಿಂತಿದ್ದಳು. ಕೈಯಲ್ಲಿ ಜೈಲಿನ ಕಾಗದ. ಷಣ್ಮುಖಪ್ಪ ನಿವೃತ್ತನಾಗಿ ವರ್ಷವಾಗಿತ್ತು. ಬೈಗುಳ ತಿನ್ನಲು, ಮಣ್ಣು ತೂರಿಸಿಕೊಳ್ಳಲು ಸಿದ್ಧನಾಗಿಯೇ ಎದ್ದು ಬಂದ. ಅವಳು ಗೋಡೆಯ ಮೇಲಿನ ಕಟ್ಟು ಹಾಕಿಸಿದ ಪ್ರಶಂಸಾಪತ್ರದ ಕೆಳಗೇ ಕೂತಳು. ಇದೇ ಕೇಸಿಗೆ ಕೊಟ್ಟ ಪ್ರಶಂಸಾಪತ್ರ ಅದು. ಅವಳಿಗೆ ಓದಲು ಬರುವುದಿಲ್ಲ ಎಂಬುದೊಂದೇ ಅವನ ಪುಣ್ಯ.

“ಸಾಹೇಬ್ರೆ, ನಾನು ಅಳಾಕೆ ಬಂದಿಲ್ಲ,” ಅಂದಿದ್ದಳು. “ಒಂದ್ ಮಾತು ಕೇಳಾಕೆ ಬಂದೀನಿ. ನನ್ನ ಮಗನ್ನ ಊರಾಗೆ ಹಾರ್ಮೋನಿ ಬೈಲ ಅಂತಾರೆ. ನಾಟಕದೋರು ಬೈಲಪ್ಪ ಅಂತಾರೆ. ಈ ವೀಯೆಸ್ಸು ಅನ್ನೋದು ಅವನ ಹೆಸರಿನ ಮುಂದೆ ಯಾವಾಗ ಬಂತು? ಯಾರು ಇಟ್ರು?”

ಷಣ್ಮುಖಪ್ಪ ಪ್ರಶಂಸಾಪತ್ರದಿಂದ ಕಣ್ಣು ಕೆಳಗಿಳಿಸಿದ.

ಯಾಕೆಂದರೆ ಇಟ್ಟವನು ಅವನೇ. ಮುದುಕರ ಮನೆಗೆ ಹೋಗಿ ಬರುತ್ತಿದ್ದವರು ಹನ್ನೊಂದು ಜನ. ಮತದಾರರ ಪಟ್ಟಿ ತರಿಸಿ, ಒಬ್ಬೊಬ್ಬರ ಹೆಸರಿನ ಮುಂದೂ ಊರು, ಅಪ್ಪ ಹಾಕಿ, ಇನಿಷಿಯಲ್ ತೆಗೆಸಿದ್ದ. ಹನ್ನೊಂದರಲ್ಲಿ ಒಬ್ಬನಿಗೆ ವಿ.ಎಸ್. ಬಂತು. ಠಾಣೆಯಲ್ಲಿ ಎಲ್ಲರಿಗೂ ಅವತ್ತು ಮಂಡಕ್ಕಿ ಮಿರ್ಚಿ ತರಿಸಿ ತಿನ್ನಿಸಿದ್ದ. ಮುದುಕರಿಗೆ ಬೈಲಪ್ಪನ ಅಪ್ಪನ ಹೆಸರು ಗೊತ್ತಿತ್ತೇ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಇವತ್ತು ಬೆಳಿಗ್ಗೆ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ, ಕೇಸಿನ ವಸ್ತುಗಳನ್ನಿಡುವ ಕೋರ್ಟಿನ ಮುದ್ದೆಮಾಲು ಕೋಣೆಯ ಜಂಪಣ್ಣನ ಕೈಕಾಲು ಹಿಡಿದು, ಆ ಪುಸ್ತಕವನ್ನು ಹೊರಗೆ ತಂದಿದ್ದ. “ಸಂಜೆ ಐದರೊಳಗೆ ವಾಪಸು ಬರ್ಬೇಕು, ಇಲ್ಲಾಂದ್ರೆ ನನ್ನ ನೌಕರಿ ಹೋಗ್ತೈತೆ,” ಅಂದಿದ್ದ ಜಂಪಣ್ಣ. ಕೆಂಪಕ್ಕನನ್ನೂ ಕರೆದುಕೊಂಡು ಹೊನ್ನಾಳಿಗೆ ಬಂದದ್ದು ಒಂದೇ ಪ್ರಶ್ನೆ ಕೇಳಲು. ಮುದುಕರ ಜೊತೆ ವಾರವಾರವೂ ಪಿಯಾನೊ ನುಡಿಸುತ್ತಿದ್ದವರು ಕಸ್ತೂರಮ್ಮ. ಮುದುಕರು ಬೈಲಪ್ಪನನ್ನು ಏನೆಂದು ಕರೆಯುತ್ತಿದ್ದರು? “ಹಾರ್ಮೋನಿಯಂನೋನು ಅಂತಿದ್ರು,” ಎಂದು ಕಸ್ತೂರಮ್ಮ ಹೇಳಿ ಮುಗಿಸುವುದರೊಳಗೆ ಅವನ ಕಣ್ಣು ಪಿಯಾನೊದ ಮೇಲಿನ ಪುಸ್ತಕದ ಆ ಮೂಲೆಗೆ ಬಿದ್ದಿತ್ತು.

ಈಗ ಅವನು ಚೀಲ ಬಿಚ್ಚಿದ. ಬಟ್ಟೆ ಸುತ್ತಿದ್ದ ಪುಸ್ತಕವನ್ನು ತೆಗೆದು ಮೇಜಿನ ಮೇಲಿಟ್ಟ.

ಕಸ್ತೂರಮ್ಮ ಅದನ್ನು ಮುಟ್ಟಲಿಲ್ಲ. ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

“ಗುರುತು ಸಿಗ್ತಾ?”

“ಸಿಗದೇ ಇರ್ತೈತಾ?” ಅವರ ಕಣ್ಣು ತುಂಬಿತ್ತು. “ಜರ್ಮನಿಯಿಂದ ಬರಾಕೆ ಒಂಬತ್ತು ತಿಂಗಳು ಹಿಡೀತು. ಪೋಸ್ಟಿನಲ್ಲಿ ಬಂದ ದಿನ ಸ್ನಾನ ಮಾಡಿ, ವಿಭೂತಿ ಹಚ್ಚಿ ಆಮೇಲೆ ಬಿಚ್ಚಿದ್ರು.”

ನೀಲಿ ರಟ್ಟಿನ ಮೇಲೆ ಆ ವಿಭೂತಿಯ ಗುರುತು ಇನ್ನೂ ಇತ್ತು. ಅದನ್ನು ಷಣ್ಮುಖಪ್ಪ ಅನುಮಾನಾಸ್ಪದ ಬಿಳಿ ಪುಡಿ ಎಂದು ಬರೆದು ಬೆಂಗಳೂರಿಗೆ ಪರೀಕ್ಷೆಗೆ ಕಳಿಸಿದ್ದ. ಬೂದಿ ಎಂದು ಉತ್ತರ ಬಂದಿತ್ತು.

“ಇದು ಬರೀ ಹಾಡಿನ ಪುಸ್ತಕ ಅಲ್ರೀ,” ಅಂದರು ಕಸ್ತೂರಮ್ಮ. “ಪಿಯಾನೊ, ಪಿಟೀಲು, ಸೆಲ್ಲೊ ಮೂರಕ್ಕೂ ಕೂಡಿಸಿ ಬರೆದ ಕೃತಿ. ಬರೆದೋನು ಸತ್ತು ನೂರೈವತ್ತು ವರ್ಷ ಆತು. ಅಚ್ಚು ಹಾಕಿದೋರೆಲ್ಲ ಒಬ್ಬೊಬ್ರು ಒಂದೊಂದು ತಪ್ಪು ಸೇರಿಸ್ಕೊಂತ ಬಂದಿದ್ರು. ನಮ್ಮ ಮಠದಾಗೆ ವಚನದ ತಾಳೆಗರಿ ಎಲ್ಲ ಮುಂದಿಟ್ಕೊಂಡು, ಯಾವ ಗರೀಲಿ ಯಾವ ಮಾತು ಐತೆ ಅಂತ ಹೋಲ್ಸಿ ಸಂಪಾದನೆ ಮಾಡ್ತಾರಲ್ಲ, ಹಂಗೆ ಮಾಡ್ಯಾರೆ ಇದನ್ನ. ಬರೆದೋನ ಕೈಬರಹ ಹುಡುಕಿ, ಅದರ ಪ್ರಕಾರ ತಿದ್ದಿ, ಪಾಠಾಂತರ ಎಲ್ಲ ಅಡಿಟಿಪ್ಪಣಿ ಕೊಟ್ಟು.”

ಷಣ್ಮುಖಪ್ಪನಿಗೆ ಮೂರು ಜನರ ಆ ಕೂಟ ನೆನಪಾಯಿತು. ಚನ್ನಗಿರಿಯವರು ಅದನ್ನು ನೋಡಿ ನಗುತ್ತಿದ್ದರು. ಮೈಸೂರಿನಲ್ಲಿ ಇಂಗ್ಲಿಷ್ ಬ್ಯಾಂಡಿನಲ್ಲಿ ದುಡಿದು ಬಂದ ಮಹೇಶ್ವರಪ್ಪನವರು ತೊಡೆಗಳ ನಡುವೆ ದೊಡ್ಡ ಪಿಟೀಲು ನಿಲ್ಲಿಸಿಕೊಂಡು ಸೆಲ್ಲೊ ನುಡಿಸುವರು. ಭಾನುವಾರದ ಬಸ್ಸಿಗೆ ಹೊನ್ನಾಳಿಯಿಂದ ಬರುವ ಕಸ್ತೂರಮ್ಮ ಪಿಯಾನೊಗೆ. ಅವರ ತಮ್ಮ, ಚನ್ನಗಿರಿಯಲ್ಲೇ ಅಡಿಕೆ ವ್ಯಾಪಾರ ಮಾಡುವ ಪಂಚಾಕ್ಷರಪ್ಪ, ಪಿಟೀಲಿಗೆ. ಕೇಳುವವರು ಇರಲಿಲ್ಲ. ಮೂವರೂ ತಮಗೆ ತಾವೇ ನುಡಿಸಿಕೊಂಡು ಉಪ್ಪಿಟ್ಟು ತಿಂದು ಏಳುವರು.

ಮುದುಕರು ಹೋದ ಮೇಲೆ ಪಿಯಾನೊ ಎತ್ತಿನ ಗಾಡಿಯಲ್ಲಿ ಈ ಮನೆಗೆ ಬಂದಿತ್ತು. ಎರಡು ವರ್ಷದಿಂದ ಅದಕ್ಕೆ ಶ್ರುತಿಯಿಲ್ಲ. ಶ್ರುತಿ ಮಾಡಬಲ್ಲವನು ಸುತ್ತ ನಾಲ್ಕು ತಾಲ್ಲೂಕಿಗೆ ಒಬ್ಬನೇ ಇದ್ದ, ಅವನು ಬೆಳಗಾವಿಯಲ್ಲಿ ದಿನ ಎಣಿಸುತ್ತಿದ್ದ.

“ಇದರಾಗೆ ವಿ.ಎಸ್. ಎಷ್ಟು ಕಡೆ ಐತೆ, ಹೇಳ್ರಿ,” ಅಂದ ಷಣ್ಮುಖಪ್ಪ.

“ಆರು ಕಡೆ.” ನೋಡದೆಯೇ ಹೇಳಿದರು. “ಪೆನ್ಸಿಲ್‌ನಲ್ಲಿ. ನನಗೋಸ್ಕರ ಅವ್ರು ಬರ್ದಿದ್ದು. ಪಿಯಾನೊ ನುಡಿಸ್ತಾ ನಾನೇ ಹಾಳೆ ತಿರುವ್ಬೇಕಲ್ಲ. ತಡ ಮಾಡಿಬಿಡ್ತಿದ್ದೆ. ಬೈದು ಬೈದು ಸಾಕಾಗಿ ಅವಸರ ಇರೋ ಕಡೆ ಬಲಪುಟದ ಮೂಲೆಗೆ ಬರೆದಿಟ್ರು.”

ಷಣ್ಮುಖಪ್ಪ ಹಾಳೆ ತಿರುವುತ್ತ ಹೋದ. ಐದನೇ ಪುಟ. ಹನ್ನೊಂದು. ಹದಿನೇಳು. ಇಪ್ಪತ್ತಮೂರು. ಮೂವತ್ತೊಂದು. ಮೂವತ್ತೇಳು. ಎಲ್ಲ ಕಡೆ ಅದೇ ಎರಡಕ್ಷರ, ಅದೇ ಕೈ. ತನಿಖೆಯ ಅಷ್ಟು ತಿಂಗಳಲ್ಲಿ ಅವನು ಈ ಪುಟಗಳನ್ನು ತೆರೆದೇ ಇರಲಿಲ್ಲ. ರಕ್ತ ಬಿದ್ದದ್ದು ಕೊನೆಯ ಪುಟಕ್ಕೆ. ಫೋಟೋ ತೆಗೆಸಿದ್ದು ಆ ಪುಟದ್ದು. ಕೋರ್ಟು ನೋಡಿದ್ದೂ ಆ ಪುಟವನ್ನೇ. ಅರ್ಥವಾಗದ ಪುಸ್ತಕವನ್ನು ಪೂರ್ತಿ ತಿರುವಿ ನೋಡುವಷ್ಟು ತಾಳ್ಮೆ ಒಬ್ಬ ಗಂಡಸಿಗೂ ಇರಲಿಲ್ಲ.

ಎಂಥ ಹೇಸಿಗೆ. ಪುಸ್ತಕ ಮುಚ್ಚಿದ.

“ಅಮ್ಮಾ,” ಅಂದ. “ಪೇಪರಿನಾಗೆ ದೊಡ್ಡದಾಗಿ ಬಂದಿತ್ತು. ವಿ.ಎಸ್. ಅಂತ ಬರೆದು ಸತ್ತರು ಅಂತ. ನೀವು ಓದಲಿಲ್ವಾ?”

“ಓದಿದೆ.”

“ಓದಿ ಸುಮ್ಮನೆ ಕೂತ್ರಾ?”

ಕಸ್ತೂರಮ್ಮ ಕನ್ನಡಕ ತೆಗೆದು ಪಿಯಾನೊದ ಮುಚ್ಚಳದ ಮೇಲಿಟ್ಟು ಕಣ್ಣೊರೆಸಿಕೊಂಡರು.

“ಒಬ್ಬನ ಕೊರಳಿಗೆ ಹಗ್ಗ ಬೀಳ್ತೈತೆ ಅಂತ ಗೊತ್ತಿದ್ದೂ! ಒಂದು ಕಾರ್ಡು ಗೀಚಿ ಹಾಕಿದ್ರೆ ಸಾಕಿತ್ತು ನನಗೆ. ಸಾಹೇಬ್ರೆ, ಅದು ಹೆಸರಲ್ಲ, ಹಾಳೆ ತಿರುವೋ ಗುರ್ತು ಅಂತ.”

“ಅನ್ಕೊಂಡೆ ಕಣ್ರೀ! ಅವತ್ತೇ ಅನ್ಕೊಂಡೆ.” ಅವರ ದನಿ ಏರಿತು. “ಪಂಚಾಕ್ಷರಿಗೆ ಹೇಳ್ದೆ. ಠಾಣೆಗೆ ಹೋಗಿ ಹೇಳಿ ಬಾರೋ ಅಂದೆ. ಅವನು ಏನಂದ ಗೊತ್ತಾ? ಅಕ್ಕಾ, ಇದು ಆ ಆರರಾಗಿಂದಲ್ಲ. ಇದು ಏಳನೇದು, ಹೊಸದು, ಕೊನೇ ಪುಟದಾಗೆ ಐತೆ. ಅಲ್ಲಿಗೆ ಕೃತಿನೇ ಮುಗೀತದೆ. ತಿರುವಾಕೆ ಅಲ್ಲಿ ಹಾಳೆನೇ ಇಲ್ಲ, ಮತ್ತೆ ಯಾಕೆ ಬರೀತಾರೆ? ಅದು ಹೆಸರೇ ಅಂದ. ನಾನು ಯೋಚ್ನೆ ಮಾಡ್ದೆ. ಹೌದು ಅನ್ನಿಸ್ತು. ನೀವೂ ಹೌದಂದ್ರಿ, ಜಡ್ಜೂ ಹೌದಂದ್ರು. ನಾನು ಯಾವ ದೊಡ್ಡ ಮನುಷ್ಯಳು?”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಷಣ್ಮುಖಪ್ಪ ಸಾವಿರ ಸುಳ್ಳು ಕೇಳಿದ್ದವನು, ಅಷ್ಟು ತಿಳಿಯುತ್ತಿತ್ತು. ಒಂದು ಗಳಿಗೆ ಅವನಿಗೂ ಪ್ರಾಣ ಬಂದಂತಾಯಿತು. ಇನ್ನೂ ಹಂಗೇ ಇರಬಹುದಲ್ಲ? ಆರು ಗುರುತು ಹಾಳೆಯದು, ಏಳನೆಯದು ಮನುಷ್ಯನದು. ಆಗ ತಾನು ತಪ್ಪು ಮಾಡಿಲ್ಲ. ಮನೆಗೆ ಹೋಗಿ ಊಟ ಮಾಡಿ ಮಲಗಬಹುದು.

ಆ ಆಸೆಗೆ ಅವನು ತನ್ನನ್ನೇ ಬೈದುಕೊಂಡ.

“ಕೊನೇ ಪುಟ ನೋಡ್ರಿ,” ಎಂದು ತೆರೆದು ಮುಂದೆ ಹಿಡಿದ. ಒಣಗಿ ಕಂದಾದ ಕಲೆಯ ಕೆಳಗೆ ಆ ಎರಡಕ್ಷರ. “ಅಡಿಟಿಪ್ಪಣಿ ಏನೋ ಐತೆ. ನನ್ನ ಇಂಗ್ಲಿಷು ಪೊಲೀಸ್ ಇಂಗ್ಲಿಷು. ಓದಿ ಹೇಳ್ರಿ.”

ಕಸ್ತೂರಮ್ಮ ಕನ್ನಡಕಕ್ಕೆ ಕೈಚಾಚಿ, ಹಾಕಿಕೊಂಡು, ಬೆರಳಿಟ್ಟು ಓದಿದರು. ಮೊದಲು ತಮಗೆ ತಾವೇ, ಆಮೇಲೆ ಕನ್ನಡದಲ್ಲಿ.

“ಬರೆದೋನ ಹಸ್ತಪ್ರತಿಯ ಕೊನೆಯ ಹಾಳೆ ಕಳೆದುಹೋಗಿದೆ. ಎಲ್ಲಿದೆ ಅಂತ ತಿಳಿದಿಲ್ಲ. ಆದ್ದರಿಂದ ಈ ಪುಟದ ಮುಕ್ತಾಯವನ್ನು ಹಳೆಯ ಅಚ್ಚಿನಿಂದ ತೆಗೆದುಕೊಂಡಿದೆ, ಇದನ್ನು ಖಚಿತ ಅಂತ ತಿಳಿಯಬಾರದು.”

ಓದಿ ಮುಗಿಸಿದವರು ಮುಖ ಎತ್ತಲಿಲ್ಲ.

“ಹಾಳೆ ಕಳೆದೈತೆ,” ಅಂದ ಷಣ್ಮುಖಪ್ಪ ನಿಧಾನಕ್ಕೆ. “ಅಂದ್ರೆ ಕೃತಿ ಇಲ್ಲಿಗೆ ಮುಗಿಯಲ್ಲ. ಇನ್ನೊಂದು ಹಾಳೆ ಐತೆ.”

“ಇತ್ತು.”

“ಎಲ್ಲಿ?”

“ಅವರ ಹತ್ರ.” ಕಸ್ತೂರಮ್ಮ ಪುಟದಿಂದ ಬೆರಳು ತೆಗೆದರು. “ಮೈಸೂರಿನಾಗೆ ಒಬ್ಬ ಜರ್ಮನ್ ಬ್ಯಾಂಡ್ ಮಾಸ್ತರ ಇದ್ನಂತೆ. ಯುದ್ಧ ಶುರುವಾದಾಗ ಬ್ರಿಟಿಷ್ರು ಹಿಡ್ಕೊಂಡು ಹೋದ್ರು. ಹೋಗೋ ಮುಂಚೆ ಇವರ ಕೈಗೆ ಹಳೇ ಕೈಬರಹದ ಒಂದು ಹಾಳೆ ಕೊಟ್ಟು, ಮಗೂನ ಇಟ್ಕೊಂಡಂಗೆ ಇಟ್ಕೋ ಅಂದಿದ್ನಂತೆ. ಯಾವ ಕೃತೀದು ಅಂತ ಇವರಿಗೂ ಗೊತ್ತಿರ್ಲಿಲ್ಲ. ಈ ಪುಸ್ತಕ ಬಂದು, ಈ ಟಿಪ್ಪಣಿ ಓದಿದ ಮೇಲೆ ಗೊತ್ತಾತು. ಅವತ್ತು ಮಕ್ಕಳಂಗೆ ಅತ್ತುಬಿಟ್ರು ರೀ. ಮಾರಿದ್ರೆ ಲಕ್ಷಗಟ್ಲೆ ಬರ್ತಿತ್ತಂತೆ, ಆದ್ರೂ ಜರ್ಮನಿಗೆ ಕಾಗದ ಬರೀತೀನಿ, ವಾಪಸು ಕೊಡ್ತೀನಿ ಅಂತಿದ್ರು.”

“ಹಾಳೆ ವಿಷಯ ಇನ್ನಾರಿಗೆ ಗೊತ್ತಿತ್ತು?”

ಕಸ್ತೂರಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

“ಅಮ್ಮಾ.”

“ಮೂರೇ ಜನ ಇದ್ದದ್ದು ನಾವು.”

ಷಣ್ಮುಖಪ್ಪ ರಕ್ತದ ಪುಟವನ್ನು ತಿರುವಿದ. ವಿ.ಎಸ್. ಹೇಳಿದ ಹಾಗೇ ಮಾಡಿದ, ಎರಡು ವರ್ಷ ಮೂರು ತಿಂಗಳು ತಡವಾಗಿ. ಆ ಕಡೆ ಖಾಲಿ ಪುಟ. ಅದರೆದುರಿಗೆ ಹಿಂದಿನ ರಟ್ಟಿನ ಒಳಮೈಗೆ ಅಂಟಿಸಿದ ದಪ್ಪ ಕಾಗದ. ಬೆರಳಾಡಿಸಿದ. ಒಂದು ಅಂಚು ಒರಟಾಗಿತ್ತು. ಅಡಿಕೆ ಕತ್ತರಿಸುವ ಸಣ್ಣ ಚಾಕು ಜೇಬಿನಲ್ಲಿತ್ತು. ತುದಿ ತೂರಿಸಿ ಮೆಲ್ಲಗೆ ಎತ್ತಿದ. ಕಾಗದ ಚೀಲದ ಬಾಯಿಯಂತೆ ತೆರೆದುಕೊಂಡಿತು.

ಒಳಗೆ ಏನೂ ಇರಲಿಲ್ಲ.

ಒಂದು ಹಾಳೆ ಬಹಳ ದಿನ ಮಲಗಿದ್ದ ಚೌಕದ ಗುರುತು ಮಾತ್ರ ಇತ್ತು. ಯಾರೋ ಕೊಯ್ದು, ತೆಗೆದುಕೊಂಡು, ಮತ್ತೆ ಮುಚ್ಚಿದ್ದರು. ಕೊಯ್ದ ಜಾಗ ಕಾಣದಂತೆ ಒಳಗಿನಿಂದ ಒಂದು ಸಣ್ಣ ಪಟ್ಟಿ ಅಂಟಿಸಿದ್ದರು. ಮೇಣದ ಹೊಳಪಿನ ಕಾಗದ. ಅದರ ಮೇಲೆ ಅಚ್ಚಾದ ಒಂದು ಕೆಂಪು ‘ಇ’ ಅಕ್ಷರ, ಇಂಗ್ಲಿಷಿನದು, ಮತ್ತೊಂದು ಅಕ್ಷರದ ಅರ್ಧ.

“ಇದೇನು ಕಾಗದ?”

ಕಸ್ತೂರಮ್ಮ ಬಗ್ಗಿ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಸುಣ್ಣ ಬಳಿದಂತೆ ಬಿಳುಪೇರಿತು. ಕನ್ನಡಕ ತೆಗೆದು ಮುಚ್ಚಳದ ಮೇಲಿಟ್ಟರು.

“ಸರಿಯಾಗಿ ಕಾಣ್ಸಲ್ಲ ಇಲ್ಲಿ,” ಅಂದರು. “ಒಳಗೆ ಕಿಟಕಿ ಹತ್ರ ಬೆಳಕು ಐತೆ. ಕೊಡ್ರಿ, ನೋಡ್ಕೊಂಡು ಬರ್ತೀನಿ.”

ಷಣ್ಮುಖಪ್ಪ ಕೊಟ್ಟ.

ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿದ ಮನುಷ್ಯ ಪುಸ್ತಕವನ್ನು ಕೈಯೆತ್ತಿ ಕೊಟ್ಟ. ಅವನ ತಲೆ ಇಲ್ಲಿರಲಿಲ್ಲ. ಕೊಯ್ದದ್ದು ಯಾವಾಗ ಎಂಬ ಲೆಕ್ಕದಲ್ಲಿ ಬಿದ್ದಿತ್ತು. ಕೊಲೆಯಾದ ದಿನವೇ ಪುಸ್ತಕ ಠಾಣೆಗೆ ಬಂದಿತ್ತು. ಠಾಣೆಯಿಂದ ಕೋರ್ಟಿಗೆ. ನಡುವೆ ಹೊರಗೆ ಹೋದದ್ದು ಒಂದೇ ಸಲ. ಬರಹ ಮುದುಕರದೇ ಎಂದು ಗುರುತಿಸಲು ಸಾಕ್ಷಿ ಬೇಕಾಗಿತ್ತು. ಆ ಸಾಕ್ಷಿ, ಎರಡು ದಿನ ಮನೆಯಲ್ಲಿಟ್ಟುಕೊಂಡು ನಿಧಾನವಾಗಿ ನೋಡಬೇಕು ಅಂದಿದ್ದ. ಷಣ್ಮುಖಪ್ಪನೇ ರುಜು ಹಾಕಿ ಕಳಿಸಿದ್ದ. ವಾಪಸು ತಂದುಕೊಟ್ಟಾಗ ಆ ಮನುಷ್ಯ ಹೇಳಿದ ಮಾತು ಈಗ ಕಿವಿಯಲ್ಲಿ ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸಿತು.

“ಬೈಂಡಿಂಗ್ ಬಿಟ್ಟಿತ್ತು ಸಾರ್. ಮೈದಾ ಅಂಟು ಹಚ್ಚಿ ಸರಿ ಮಾಡೀನಿ.”

ಥ್ಯಾಂಕ್ಸ್ ಹೇಳಿ, ಕಾಫಿ ಕುಡಿಸಿ ಕಳಿಸಿದ್ದ ಷಣ್ಮುಖಪ್ಪ. ಪಂಚಾಕ್ಷರಪ್ಪನಿಗೆ.

ಅವನ ಕಣ್ಣು ಗೋಡೆಯ ಮೊಳೆಗೆ ತೂಗುಹಾಕಿದ್ದ ಪಿಟೀಲು ಪೆಟ್ಟಿಗೆಯ ಮೇಲೆ ಬಿತ್ತು. ಭಾನುವಾರ ಭಾನುವಾರ ತಮ್ಮ ಬಂದು ಅಕ್ಕನ ಜೊತೆ ನುಡಿಸುತ್ತಾನೆ ಎಂದು ಮಾತಿನ ನಡುವೆ ಕಸ್ತೂರಮ್ಮನೇ ಹೇಳಿದ್ದರು. ಇಳಿಸಿ ತೆರೆದ. ಪಿಟೀಲಿನ ಜೊತೆಗೆ, ಮುಚ್ಚಳದ ಜೇಬಿನಲ್ಲಿ ಹೊಸ ತಂತಿಗಳಿದ್ದವು. ಒಂದೊಂದು ತಂತಿಗೂ ಒಂದೊಂದು ಸಣ್ಣ ಲಕೋಟೆ. ಮೇಣದ ಹೊಳಪಿನ ಕಾಗದ. ಮೇಲುಗಡೆ ತಂತಿಯ ಹೆಸರಿನ ಕೆಂಪು ಇಂಗ್ಲಿಷ್ ಅಕ್ಷರ. ಮೊದಲನೆಯದರ ಮೇಲೆ ‘ಇ’.

ಪತ್ತೆಯಾಯಿತು. ಇಡೀ ಚನ್ನಗಿರಿಯಲ್ಲಿ ಪಿಟೀಲು ತಂತಿ ತರಿಸುವವನು ಒಬ್ಬನೇ. ಹಾಳೆ ಕೇಳಿ, ಕೊಡದ ಮುದುಕರನ್ನು ಬೈಲಪ್ಪ ಬಿಟ್ಟುಹೋಗಿದ್ದ ಕೀಲಿಯಿಂದ ಹೊಡೆದು, ಮನೆಯೆಲ್ಲ ಹುಡುಕಿ ಸಿಗದೆ ಹೋದವನು. ಆಮೇಲೆ, ವಿ.ಎಸ್. ಎಂಬುದರ ಅರ್ಥ ಚೆನ್ನಾಗಿ ಬಲ್ಲವನಾದ್ದರಿಂದ, ಹಾಳೆ ಎಲ್ಲಿದೆ ಎಂದು ತಿಳಿದು, ಪೊಲೀಸರ ಕೈಯಿಂದಲೇ ಪುಸ್ತಕ ಪಡೆದು ತೆಗೆದುಕೊಂಡವನು. ಮುದುಕರು ಆ ಏಳನೆಯದನ್ನು ಬರೆದದ್ದು ಸಾಯುವಾಗ ಅಲ್ಲ, ಹಾಳೆ ಒಳಗಿಟ್ಟು ಅಂಟಿಸಿದ ಸಂತೋಷದ ದಿನ. ಸಾಯುವಾಗ ಮಾಡಿದ್ದು ಪುಸ್ತಕವನ್ನು ಎದೆಗೆ ಎಳೆದುಕೊಂಡದ್ದು, ಅಷ್ಟೇ.

ಷಣ್ಮುಖಪ್ಪ ತಿರುಗಿದ. “ಅಮ್ಮಾ, ಪುಸ್ತಕ ತನ್ರಿ...”

ಮಾತು ಅಲ್ಲೇ ನಿಂತಿತು. ಕಿಟಕಿಯ ಬೆಳಕಿನಲ್ಲಿ ನೋಡಿ ಬರುತ್ತೇನೆ ಎಂದು ಒಳಗೆ ಹೋದವರ ಕನ್ನಡಕ ಪಿಯಾನೊದ ಮುಚ್ಚಳದ ಮೇಲೆಯೇ ಇತ್ತು.

ಒಳಕೋಣೆಯ ಅಗಳಿ ಬಿದ್ದ ಸದ್ದು ಕೇಳಿಸಿತು.

ಓಡಿ ಹೋಗಿ ಬಾಗಿಲು ತಳ್ಳಿದ. ತೇಗದ ಬಾಗಿಲು, ಅಲುಗಲಿಲ್ಲ.

“ಅಮ್ಮಾ! ಬಾಗಿಲು ತೆಗೀರಿ!”

“ಷಣ್ಮುಖಪ್ಪನೋರೆ.” ದನಿ ಬಾಗಿಲಿನ ಹತ್ತಿರವೇ ಇತ್ತು. “ನೀವು ಇವತ್ತು ಇಲ್ಲಿಗೆ ಬರಬಾರದಿತ್ತು.”

“ಆ ಪುಸ್ತಕ ಇಲ್ದಿದ್ರೆ ನನ್ನ ಹತ್ರ ಏನೂ ಇಲ್ಲ. ಕೋರ್ಟಿನ ಫೋಟೋದಾಗೆ ಇರೋದು ಕೊನೇ ಪುಟ ಒಂದೇ. ಆ ಆರು ವಿ.ಎಸ್. ಕಣ್ಣಿಗೆ ತೋರಿಸ್ದೆ ಬೆಂಗಳೂರಿನಾಗೆ ನನ್ನ ಮಾತು ಯಾರೂ ನಂಬಲ್ಲ. ಬುಧವಾರ ಅವನನ್ನ ಗಲ್ಲಿಗೆ ಹಾಕ್ತಾರೆ ಕಣಮ್ಮಾ!”

“ನನಗಿರೋದು ಒಬ್ಬನೇ ತಮ್ಮ. ಅವ್ವ ಸಾಯೋವಾಗ ನನ್ನ ಮಡಿಲಿಗೆ ಹಾಕಿ ಹೋದ್ಲು. ನಾನು ಗಂಡ ಕಳ್ಕೊಂಡು ಬಂದಾಗ ಅನ್ನ ಹಾಕ್ದೋನು ಅವನೇ.”

“ಕೆಂಪಕ್ಕಗೂ ಇರೋದು ಒಬ್ಬನೇ ಮಗ.”

ಒಳಗೆ ಉಸಿರೆಳೆದುಕೊಂಡ ಸದ್ದು. ಅಷ್ಟೇ. ಆಮೇಲೆ ದಪ್ಪ ಕಾಗದ ಹರಿಯುವ ಸದ್ದು, ನಿಧಾನವಾಗಿ, ಮೇಲಿನಿಂದ ಕೆಳಗಿನ ತನಕ.

ಷಣ್ಮುಖಪ್ಪ ಭುಜ ಕೊಟ್ಟು ಗುದ್ದಿದ. ಮತ್ತೊಮ್ಮೆ ಗುದ್ದಿದ. ಅರವತ್ತರ ಹತ್ತಿರದ ಭುಜ, ಬಾಗಿಲಿಗೆ ಅದರ ಲೆಕ್ಕವೇ ಇರಲಿಲ್ಲ. ಮೊದಲ ಸಲ ತಮ್ಮನ ಕೈಗೆ ಕೊಟ್ಟಿದ್ದೆ, ಎರಡನೇ ಸಲ ಅಕ್ಕನ ಕೈಗೆ ಕೊಟ್ಟೆ ಎಂಬುದನ್ನು ಬಿಟ್ಟರೆ ಅವನ ತಲೆಯಲ್ಲಿ ಬೇರೇನೂ ಉಳಿದಿರಲಿಲ್ಲ. ಹಣೆಯನ್ನು ಬಾಗಿಲಿಗಿಟ್ಟು ನಿಂತುಬಿಟ್ಟ.

ಹಿಂದೆ ಬರಿಗಾಲಿನ ಸಪ್ಪಳ. ಬಂದಾಗಿನಿಂದ ಹೊಸ್ತಿಲು ದಾಟದ ಕೆಂಪಕ್ಕ ಗದ್ದಲ ಕೇಳಿ ಒಳಗೆ ಬಂದಿದ್ದಳು. ಷಣ್ಮುಖಪ್ಪನ ಮುಖ ನೋಡಿದಳು, ಮುಚ್ಚಿದ ಬಾಗಿಲು ನೋಡಿದಳು. ಏನೂ ಕೇಳದೆ ಬಾಗಿಲಿನ ಬುಡದಲ್ಲಿ ಕೂತು, ಅದರ ಮೇಲೆ ಅಂಗೈ ಇಟ್ಟಳು.

“ತಾಯೀ,” ಅಂದಳು. “ನಾನು ಬೈಲನ ಅವ್ವ. ನೀವು ಕಲ್ತೋರು. ನನ್ನ ಮಗನ ಹೆಸರು ಆ ಬುಕ್ಕಿನಾಗೆ ಇಲ್ಲ ಅಂತ ಸಾಹೇಬ್ರಿಗೆ ಒಂದು ಮಾತು ಓದಿ ಹೇಳ್ರಿ. ಅಷ್ಟೇ ನಾನು ಕೇಳಾಕೆ ಬಂದಿದ್ದು.”

ಒಳಗೆ ಕಾಗದದ ಸದ್ದು ನಿಂತಿತು.

ಷಣ್ಮುಖಪ್ಪ ಬಾಗಿಲಿಗೆ ಕಿವಿ ಒತ್ತಿದ. ಒಂದು ನಿಮಿಷ. ಹೊರಗೆ ಬಸ್ಸೊಂದು ಸೇತುವೆಯ ಕಡೆಗೆ ಹಾರನ್ ಹೊಡೆಯುತ್ತ ಹೋಯಿತು. ಇನ್ನೊಂದು ನಿಮಿಷ. ಹೆಜ್ಜೆಗಳು ಬಾಗಿಲಿನ ಕಡೆಗೆ ಬಂದು, ನಿಂತು, ಮತ್ತೆ ದೂರ ಹೋದವು.

ಆಮೇಲೆ ಬೆಂಕಿಕಡ್ಡಿ ಗೀರಿದ ಸದ್ದು.

ಕೆಂಪಕ್ಕ ತಲೆಯೆತ್ತಿ ಷಣ್ಮುಖಪ್ಪನನ್ನು ನೋಡಿದಳು. ಅವಳ ಮುಖದಲ್ಲಿ, ಈ ಎರಡು ದಿನದಲ್ಲಿ ಮೊದಲ ಸಲ, ಆಸೆಯಂಥದ್ದೇನೋ ಮೂಡಿತ್ತು.

“ಓದಾಕೆ ದೀಪ ಹಚ್ತಾ ಅವ್ರೆ, ಅಲ್ವ್ರಾ ಸಾಹೇಬ್ರೆ?”